ಗ್ರಾನಿಕಸ್ ಕಾಳಗ: ಪರ್ಷಿಯನ್ ಕುದುರೆಗಳನ್ನು ದಡಕ್ಕೆ ತಂದು ನಿಲ್ಲಿಸುವವರು ಯಾರು?

ಮೇಜಿನ ದಂಡನಾಯಕ
ಅಲೆಕ್ಸಾಂಡರ್ ನದಿ ದಾಟಿ ಪರ್ಷಿಯನ್ನರನ್ನು ಸೋಲಿಸಿದ ಗ್ರಾನಿಕಸ್ ಕಾಳಗವನ್ನು ನಮ್ಮ ಮನೆಯ ಊಟದ ಮೇಜಿನ ಮೇಲೆ ಗೊಂಬೆ ಸೈನ್ಯ ಹೂಡಿ ಇದುವರೆಗೆ ಮೂರು ಬಾರಿ ಆಡಿದ್ದೇವೆ. ಮೂರು ಬಾರಿಯೂ ಅಲೆಕ್ಸಾಂಡರ್ ನದಿಯ ಈಚೆ ದಡದಲ್ಲೇ ಉಳಿದ. ಪರ್ಷಿಯನ್ ಪಾಳಯ ನೋಡಿಕೊಳ್ಳುವ ನನ್ನ ಗೆಳೆಯ ಗ್ರೀಕ್ ಬಾಡಿಗೆ ಸೈನಿಕರ ಸಾಲನ್ನು ದಡದ ಅಂಚಿಗೆ ತಂದು, ಈಟಿ ಚಾಚಿಸಿ ನಿಲ್ಲಿಸಿಬಿಡುತ್ತಾನೆ. ಕುದುರೆಗಳು ಹಿಂದೆ ಹುಲ್ಲು ಮೇಯುತ್ತಿರುತ್ತವೆ. ಕೆಸರು ಹತ್ತಿ ಬರುವ ನನ್ನ ರಾವುತರು ಈಟಿಗಳ ಗೋಡೆಗೆ ಹಣೆ ಚಚ್ಚಿಕೊಂಡು ವಾಪಸಾಗುತ್ತಾರೆ.

ಕ್ರಿ.ಪೂ. 334ರಲ್ಲಿ ನಡೆದದ್ದು ಇದರ ತಿರುವುಮುರುವು. ಕ್ಷತ್ರಪರು, ಅಂದರೆ ಪರ್ಷಿಯನ್ ಪ್ರಾಂತಗಳ ಅಧಿಪತಿಗಳು, ತಮ್ಮ ಕುದುರೆಗಳನ್ನೇ ದಡದುದ್ದಕ್ಕೂ ನಿಲ್ಲಿಸಿ, ಬಾಡಿಗೆ ಸೈನಿಕರನ್ನು ಹಿಂದಿನ ಏರಿನ ಮೇಲೆ ನಾಟಕದ ಪ್ರೇಕ್ಷಕರಂತೆ ಕೂರಿಸಿದರು. ಓಡಿ ಬಂದು ಗುದ್ದುವುದೇ ಕುದುರೆಯ ಬಲವಲ್ಲವೇ? ನಿಂತ ಕುದುರೆಗೆ ಆ ಬಲ ಎಲ್ಲಿಂದ ಬರಬೇಕು?

ಕೊನೆಗೆ "ಪರ್ಷಿಯನ್ ಕುದುರೆಗಳು ದಡದಲ್ಲಿಯೇ ಇರತಕ್ಕದ್ದು" ಎಂದು ನಿಯಮ ಬರೆದೆ. ಗೆಳೆಯ ಕಾಫಿ ಲೋಟ ಕೆಳಗಿಟ್ಟು, "ತಪ್ಪನ್ನು ನೀನೇ ಮಾಡಿಸಿ ಸೋಲನ್ನು ಮಾತ್ರ ನನ್ನ ಲೆಕ್ಕಕ್ಕೆ ಬರೆಯುತ್ತೀಯಾ?" ಎಂದ. ಅವನ ಮಾತಿನಲ್ಲಿ ನ್ಯಾಯವಿದೆ. ಕೈ ಕಟ್ಟಿಹಾಕದೆ, ಅವನೇ ಮನಸ್ಸು ಮಾಡಿ ಕುದುರೆಗಳನ್ನು ಮುಂದಕ್ಕೆ ತರುವಂತೆ ಮಾಡುವುದು ಹೇಗೆ? ನಮ್ಮವು 15 ಮಿ.ಮೀ. ಗೊಂಬೆಗಳು, ಅವನ್ನು ಅಂಟಿಸುವ ತಟ್ಟೆ, ಅಂದರೆ ಬೇಸ್, 40 ಮಿ.ಮೀ. ಅಗಲ, ಬೇಸಿಗೆ ಮೂರು ಕುದುರೆ. ನಿಯಮಗಳು ಮನೆಯಲ್ಲೇ ಹೆಣೆದವು.

ಹಳೆಯ ದಾಳ
ನಿಮ್ಮ ನಿಯಮದಲ್ಲಿ ದೋಷವಿಲ್ಲ. ನಿಮ್ಮ ಗೆಳೆಯ ಇತಿಹಾಸ ಓದಿದ್ದಾನೆ, ಅದೇ ತೊಂದರೆ.

ಮೆಮ್ನನ್ ಅಭಿಮಾನಿ
ಮೊದಲು ಒಂದು ಮಾತು. ಕಾಳಗವನ್ನೇ ಆಡಬಾರದಿತ್ತು. ಕಾಳಗಕ್ಕೆ ಮುನ್ನ ಜೆಲಿಯಾದಲ್ಲಿ ಸೇರಿದ ಪರ್ಷಿಯನ್ ಮುಖಂಡರ ಸಭೆಯಲ್ಲಿ, ಅವರ ಸೇವೆಯಲ್ಲಿದ್ದ ಗ್ರೀಕ್ ಸೇನಾನಿ, ರೋಡ್ಸ್ ದ್ವೀಪದ ಮೆಮ್ನನ್ ಹೇಳಿದ್ದು ಅದನ್ನೇ: ಹಿಂದೆ ಸರಿಯೋಣ, ಮೇವು ಬೆಳೆ ಸುಟ್ಟುಹಾಕೋಣ, ಊರುಗಳನ್ನೂ ಬಿಡುವುದು ಬೇಡ, ಹಸಿದವನು ತಾನಾಗಿ ತಿರುಗಿ ಹೋಗುತ್ತಾನೆ. ಆ ಸಭೆಯಲ್ಲಿ ತಲೆ ಇದ್ದವನು ಅವನೊಬ್ಬನೇ. ನನ್ನ ಸಲಹೆ: ಪರ್ಷಿಯನ್ ಆಟಗಾರನಿಗೆ "ಸುಟ್ಟು ಹಿಂದೆ ಸರಿ" ಎಂಬ ಆಯ್ಕೆಯನ್ನೂ ಕೊಡಿ.

ಹಳೆಯ ದಾಳ
ಆಗ ಆಟ ಐದು ನಿಮಿಷದಲ್ಲಿ ಮುಗಿಯುತ್ತದೆ. ಉಳಿದ ಸಂಜೆ ಬೋಂಡಾ ತಿನ್ನಬಹುದು.

ಇತಿಹಾಸ ಮೇಷ್ಟ್ರು
ದಂಡನಾಯಕರೇ, ಅದನ್ನು ತಪ್ಪು ಎಂದು ನೀವು ಮೊದಲೇ ತೀರ್ಮಾನ ಮಾಡಿಕೊಂಡುಬಿಟ್ಟಿದ್ದೀರಿ. ಕೊಂಚ ತಡೆಯಿರಿ.

ಸತ್ತವರ ಪಟ್ಟಿ ನೋಡಿ. ಪರ್ಷಿಯನ್ ಕಡೆ ಬಿದ್ದ ದೊಡ್ಡವರೆಂದು ಗ್ರೀಕ್ ಇತಿಹಾಸಕಾರ ಆರಿಯನ್ ಎಂಟು ಹೆಸರು ಕೊಡುತ್ತಾನೆ. ಲಿಡಿಯಾದ ಕ್ಷತ್ರಪ ಸ್ಪಿತ್ರಿಡೇಟಿಸ್, ಕಪಡೋಷಿಯಾದ ಆಡಳಿತಗಾರ ಮಿತ್ರೊಬುಜಾನಿಸ್, ಪರ್ಷಿಯನ್ ಚಕ್ರವರ್ತಿ ದಾರಿಯುಷನ ಅಳಿಯ ಮಿತ್ರಿಡೇಟಿಸ್, ದಾರಿಯುಷನ ಹೆಂಡತಿಯ ಅಣ್ಣತಮ್ಮಂದಿರಲ್ಲೊಬ್ಬನಾದ ಫಾರ್ನಾಸಿಸ್, ಹೀಗೆ. ಇವರೆಲ್ಲ ಹಿಂದೆ ಛತ್ರಿ ಹಿಡಿಸಿಕೊಂಡು ಕುಳಿತವರಲ್ಲ. ಒಂದು ಮಧ್ಯಾಹ್ನದಲ್ಲಿ ಇಷ್ಟೊಂದು ರಾಜಬಂಧುಗಳು ಸಾಯಬೇಕಾದರೆ ಅವರೆಲ್ಲ ಒಂದೇ ಕಡೆಗೆ, ಒಬ್ಬನೇ ಮನುಷ್ಯನ ಮೇಲೆ ಮುಗಿಬಿದ್ದಿರಬೇಕು. ಹೆಲ್ಮೆಟ್ಟಿನ ಎರಡೂ ಬದಿಗೆ ದೊಡ್ಡ ಬಿಳಿಯ ಗರಿ ಸಿಕ್ಕಿಸಿಕೊಂಡಿದ್ದವನ ಮೇಲೆ.

ಅವರಿಗೆ ನದಿ ಕಾಯುವುದು ಮುಖ್ಯವಾಗಿರಲಿಲ್ಲ, ಅಲೆಕ್ಸಾಂಡರನ ತಲೆ ಬೇಕಾಗಿತ್ತು. ಅವನಿಗೆ ಇನ್ನೂ ಇಪ್ಪತ್ತೊಂದು ವರ್ಷ, ಮಕ್ಕಳಿಲ್ಲ. ಅವನು ಬಿದ್ದರೆ ದಂಡಯಾತ್ರೆಯೇ ಮುಗಿಯಿತು. ಕಾಲಾಳುಗಳಿಂದ ನದಿ ಕಾಯಬಹುದು, ಆದರೆ ಓಡಾಡುವ ರಾಜನನ್ನು ಹುಡುಕಿ ಹೊಡೆಯಲು ಕುದುರೆಯೇ ಬೇಕು. ಆದ್ದರಿಂದ ನಿಮ್ಮ ಆಟದಲ್ಲಿ ಕೆಡವಿದ ಬೇಸ್‌ಗಳ ಲೆಕ್ಕ ಬಿಡಿ. ಅಲೆಕ್ಸಾಂಡರ್ ಸತ್ತರೆ ಪರ್ಷಿಯನ್ನರು ಗೆದ್ದರು, ಬದುಕಿ ದಡ ಹತ್ತಿದರೆ ಸೋತರು. ಅಷ್ಟೇ ಇಡಿ. ಕುದುರೆಗಳು ತಾವಾಗಿ ಮುಂದೆ ಬರುತ್ತವೆ.

ಮೇಜಿನ ದಂಡನಾಯಕ
ಮೇಷ್ಟ್ರೇ, ಇದು ಹೊಳೆದಿರಲಿಲ್ಲ. ಆದರೆ ನನ್ನ ಗೆಳೆಯ ಆಗಲೂ ಈಟಿ ಗೋಡೆಯನ್ನೇ ಕಟ್ಟುತ್ತಾನೆ. ಅಲೆಕ್ಸಾಂಡರ್ ದಡ ಹತ್ತದಿದ್ದರೂ ಅವನಿಗೆ ಗೆಲುವೇ ಅಲ್ಲವೇ?

ಇತಿಹಾಸ ಮೇಷ್ಟ್ರು
ದಡದಲ್ಲಿ ತಡೆದು ನಿಲ್ಲಿಸಿದರೆ ಸಮ ಎಂದು ಬರೆಯಿರಿ. ಅಂದು ತಡೆದಿದ್ದರೆ ಆತ ಮರುದಿನ ಇನ್ನೊಂದು ಕಡೆ ದಾಟುತ್ತಿದ್ದ.

ಮುಕ್ಕಾಲು ಇಂಚು
ಎಲ್ಲರೂ ಮನಸ್ಸಿನ ಮಾತು ಆಡುತ್ತಿದ್ದೀರಿ, ಮೇಜಿನ ಅಳತೆ ಯಾರಿಗೂ ಬೇಡವಾಗಿದೆ. ಲೆಕ್ಕ ಹಾಕೋಣ.

ಎಂಟು ಸಾಲು ಆಳದಲ್ಲಿ ನಿಲ್ಲಿಸಿದರೆ ಒಂದು ಸ್ಟೇಡಿಯ ಉದ್ದಕ್ಕೆ 800 ಕುದುರೆ ಹಿಡಿಯುತ್ತವೆ ಎಂದು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಹೇಳುತ್ತಾನೆ. ಸ್ಟೇಡಿಯವನ್ನು ಸುಮಾರು 180 ಮೀಟರ್ ಎಂದು ಹಿಡಿಯಿರಿ. ಒಂದು ಬೇಸ್ ಅಂದರೆ 500 ರಾವುತರು ಎಂದಿಟ್ಟುಕೊಂಡರೆ ಅದಕ್ಕೆ 112 ಮೀಟರ್ ಜಾಗ. ನಿಮ್ಮ ಬೇಸ್ 40 ಮಿ.ಮೀ., ಹಾಗಾಗಿ ಮೇಜಿನ ಒಂದು ಮಿ.ಮೀ. ಎಂದರೆ ನೆಲದ ಮೇಲೆ 2.8 ಮೀಟರ್.

ಪರ್ಷಿಯನ್ ಕುದುರೆಗಳು 20,000 ಎಂದು ಆರಿಯನ್, 10,000ಕ್ಕೂ ಹೆಚ್ಚು ಎಂದು ಇನ್ನೊಬ್ಬ ಇತಿಹಾಸಕಾರ ಡಯೊಡೊರಸ್. ಮೊದಲನೆಯದಕ್ಕೆ 40 ಬೇಸ್, ಮೇಜಿನ ಮೇಲೆ 160 ಸೆ.ಮೀ. ಎರಡನೆಯದಕ್ಕೆ 20 ಬೇಸ್, 80 ಸೆ.ಮೀ. ಈಗ ಎದುರಿನ ಸಾಲು ನೋಡಿ. ಅಲೆಕ್ಸಾಂಡರನ 5,100 ಕುದುರೆಗೆ 10 ಬೇಸ್, 40 ಸೆ.ಮೀ. 12,000 ಮ್ಯಾಸಿಡೋನಿಯನ್ ಕಾಲಾಳುಗಳು ಎಂಟು ಸಾಲು ಆಳದಲ್ಲಿ ನಿಂತರೆ ಸುಮಾರು 48 ಸೆ.ಮೀ. ಒಟ್ಟು 90 ಸೆ.ಮೀ. ಹತ್ತಿರ. ಡಯೊಡೊರಸನ ಸಂಖ್ಯೆ ಅಳತೆ ತೆಗೆದು ಹೊಲಿಸಿದ ಅಂಗಿಯಂತೆ ಕೂರುತ್ತದೆ. ಆರಿಯನ್‌ನ ಸಂಖ್ಯೆ ಇಟ್ಟರೆ ಅರ್ಧ ಪರ್ಷಿಯನ್ನರು ಎದುರಿಗೆ ಯಾರೂ ಇಲ್ಲದೆ ಗಾಳಿ ಕಾಯುತ್ತಾರೆ.

ಇತಿಹಾಸ ಮೇಷ್ಟ್ರು
ಹದಿನಾರು ಸಾಲು ಆಳದಲ್ಲಿ ನಿಂತಿದ್ದರೆ? 20,000 ಕೂಡ 80 ಸೆ.ಮೀ.ಗೇ ಹಿಡಿಯುತ್ತದೆ.

ಮುಕ್ಕಾಲು ಇಂಚು
ಹದಿನಾರನೆಯ ಸಾಲಿನ ಕುದುರೆ ಅಲ್ಲಿ ಏನು ಮಾಡುತ್ತದೆ ಮೇಷ್ಟ್ರೇ? ಮುಂದಿನವನ ಬಾಲ ನೋಡುತ್ತದೆ.

ಇತಿಹಾಸ ಮೇಷ್ಟ್ರು
ದಡದಲ್ಲಿ ನಿಂತು ಈಟಿ ಎಸೆದು, ತಿರುಗಿ ಹಿಂದೆ ಹೋಗಿ, ಮತ್ತೊಬ್ಬನಿಗೆ ಜಾಗ ಬಿಡುವವರಿಗೆ ಆಳ ಬೇಕೇ ಬೇಕು. ಆದರೂ ಹಟ ಮಾಡುವುದಿಲ್ಲ. 10,000 ಇಡಿ, ಬಣ್ಣ ಬಳಿಯುವವರ ಬೆನ್ನಾದರೂ ಉಳಿಯಲಿ.

ಅರೆಬಣ್ಣ
ಕೊನೆಗೂ ನಮ್ಮ ಬೆನ್ನು ನೆನಪಾಯಿತಲ್ಲ! 20 ಬೇಸ್ ಅಂದರೆ 60 ಕುದುರೆ. 60 ಕುದುರೆ ಅಂದರೆ 240 ಕಾಲು. ಒಂದೊಂದು ಕಾಲಿಗೂ ಗೊರಸು, ಕೆಲವಕ್ಕೆ ಬಿಳಿ ಕಾಲ್ಚೀಲದಂಥ ಪಟ್ಟಿ. ಮೂವತ್ತನೆಯ ಕುದುರೆಯ ಹೊಟ್ಟೆಯ ಕೆಳಗೆ ಕುಂಚ ತೂರಿಸುವ ಹೊತ್ತಿಗೆ ದಾರಿಯುಷನ ಮೇಲೆ ನನಗೇ ದ್ವೇಷ ಹುಟ್ಟಿತ್ತು.

ಹೊಸಬರಿಗೆ ಒಂದು ಉಪಾಯ. ಕುದುರೆಗಳನ್ನು ಕಡ್ಡಿಗೆ ಅಂಟಿಸಿ ಐದೈದರ ಗುಂಪಿನಲ್ಲಿ ಬಣ್ಣ ಹಚ್ಚಿ, ಆದರೆ ಒಂದು ಗುಂಪಿಗೆ ಒಂದೇ ಕಂದು ಬೇಡ. ಒಣಗಿದ ಮೇಲೆ ಗುಂಪುಗಳನ್ನು ಕಲಸಿ ಬೇಸಿಗೆ ಅಂಟಿಸಿದರೆ ನಿಜವಾದ ಲಾಯದಂತೆ ಕಾಣುತ್ತದೆ. ಎಲ್ಲ ಒಂದೇ ಕಂದು ಆದರೆ ಬಿಸ್ಕತ್ತಿನ ಪೊಟ್ಟಣದಂತೆ ಕಾಣುತ್ತದೆ.

ಬಟ್ಟೆಯ ಬಣ್ಣಕ್ಕೆ ಸಿಡಾನ್‌ನಲ್ಲಿ 1887ರಲ್ಲಿ ಸಿಕ್ಕಿದ, ಈಗ ಇಸ್ತಾಂಬುಲ್ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲಿನ ಶವಪೆಟ್ಟಿಗೆಯ ಚಿತ್ರ ನೋಡಿ. ಅದರ ಮೇಲೆ ಮ್ಯಾಸಿಡೋನಿಯನ್ನರೊಂದಿಗೆ ಹೋರಾಡುವ ಪರ್ಷಿಯನ್ನರನ್ನು ಕೆತ್ತಿದ್ದಾರೆ, ಬಣ್ಣದ ಗುರುತು ಇನ್ನೂ ಉಳಿದಿದೆ. ತೋಳಿನ ಅಂಗಿ, ಇಜಾರ, ಕೆನ್ನೆ ಗದ್ದ ಮುಚ್ಚುವ ಮೆತ್ತನೆಯ ಟೋಪಿ. ಮದುವೆ ಮನೆಗೆ ಹೊರಟವರಂತೆ ಬಣ್ಣ ಬಣ್ಣ. ಕಾಳಗವೆಂದು ಕಂದು ಬೂದಿ ಬಳಿಯಬೇಡಿ.

ಮೆಮ್ನನ್ ಅಭಿಮಾನಿ
ಎಲ್ಲರಿಗೂ ಒಂದೇ ವೇಷ ಬೇಡ. ಡಯೊಡೊರಸ್ ಕೊಡುವ ಸಾಲಿನಲ್ಲಿ ಪಾಫ್ಲಗೋನಿಯಾದವರು, ಹಿರ್ಕೇನಿಯಾದವರು, ಮೀಡರು, ಬ್ಯಾಕ್ಟ್ರಿಯಾದವರು ಇದ್ದಾರೆ. ಕಪ್ಪು ಸಮುದ್ರದ ಅಂಚಿನಿಂದ ಇಂದಿನ ಅಫ್ಘಾನಿಸ್ತಾನದವರೆಗಿನ ರಾವುತರು. ಎಡ ತುದಿಯಲ್ಲಿ, ಕ್ಷತ್ರಪ ಅರ್ಸಾಮಿಸನ ಜೊತೆ, ಯಾರು? ನಮ್ಮ ಮೆಮ್ನನ್. ಸಲಹೆ ಕೇಳದಿದ್ದರೂ ಕಾಳಗಕ್ಕೆ ನಿಂತ, ಮಕ್ಕಳನ್ನೂ ನಿಲ್ಲಿಸಿದ.

ಹಳೆಯ ದಾಳ
ನಿಂತ ಸರಿ. ಸಾಯದೆ ತಪ್ಪಿಸಿಕೊಂಡ ಎನ್ನುವುದನ್ನೂ ಸೇರಿಸಿ.

ಮೆಮ್ನನ್ ಅಭಿಮಾನಿ
ತಪ್ಪಿಸಿಕೊಂಡದ್ದರಿಂದಲೇ ಮರುವರ್ಷ ಮಿಟಿಲೀನ್ ಮುತ್ತಿಗೆಯಲ್ಲಿ ಕಾಯಿಲೆಯಿಂದ ಸಾಯುವವರೆಗೂ ಸಮುದ್ರದಲ್ಲಿ ಅಲೆಕ್ಸಾಂಡರನ ಬೆನ್ನು ಕಾಡಿದ. ಸತ್ತ ವೀರರಿಗಿಂತ ಬದುಕಿದ ಜಾಣ ಮೇಲು.

ಸುಮ್ಮನೆ ಓದುವವಳು
ವರ್ಷದಿಂದ ಓದುತ್ತಿದ್ದೇನೆ, ಬರೆಯುವುದು ಮೊದಲ ಸಲ. ನಮ್ಮ ಅಣ್ಣನಿಗೂ ಈ ಹುಚ್ಚು. ಒಂದು ನವರಾತ್ರಿಗೆ ಅವನು ಊರಿಗೆ ಬರುವುದು ತಡವಾಯಿತು. ಅಮ್ಮ ಬೀರುವಿನಿಂದ ಅವನ ಪರ್ಷಿಯನ್ ರಾವುತರ ಡಬ್ಬಿ ತೆಗೆದು, ಹನ್ನೆರಡು ಮಂದಿಯನ್ನೂ ಪಟ್ಟದ ಗೊಂಬೆಗಳ ಮುಂದೆ ಜಂಬೂಸವಾರಿಯ ಬೆಂಗಾವಲಾಗಿ ಸಾಲು ನಿಲ್ಲಿಸಿಬಿಟ್ಟಿದ್ದರು. ಅಣ್ಣ ಬಂದು ನೋಡಿದಾಗ ಒಂದೊಂದು ಕುದುರೆಯ ಹಣೆಯಲ್ಲೂ ಕಡ್ಡಿಯ ತುದಿಯಷ್ಟು ಕುಂಕುಮ. ಅವನು ಅದನ್ನು ಒರೆಸಲೇ ಇಲ್ಲ. ಇಂದಿಗೂ ಅದೇ ಕುಂಕುಮದಲ್ಲಿ ಕಾಳಗಕ್ಕೆ ಹೋಗುತ್ತವೆ.

ಕೇಳಬೇಕಾಗಿದ್ದು ಬೇರೆ. ಕೆಲವು ಕಡೆ "ಸತ್ರಪ" ಎಂದು ಬರೆಯುತ್ತಾರಲ್ಲ, ನಮ್ಮ ಪಠ್ಯಪುಸ್ತಕದ ಕ್ಷತ್ರಪರೂ ಅವರೇನಾ?

ಇತಿಹಾಸ ಮೇಷ್ಟ್ರು
ಪದ ಒಂದೇ, ಜನ ಬೇರೆ. ಹಳೆಯ ಪರ್ಷಿಯನ್ ಭಾಷೆಯಲ್ಲಿ ನಾಡು ಕಾಯುವವನು ಎಂಬರ್ಥದ ಪದ ಗ್ರೀಕರ ಬಾಯಲ್ಲಿ ಸತ್ರಪ ಆಯಿತು, ನಮ್ಮಲ್ಲಿ ಕ್ಷತ್ರಪ ಆಯಿತು. ಪಶ್ಚಿಮ ಭಾರತದ ಶಕ ಕ್ಷತ್ರಪರು ಗ್ರಾನಿಕಸ್ ಮುಗಿದು ಶತಮಾನಗಳ ನಂತರದವರು. ಕನ್ನಡದಲ್ಲಿ ಕ್ಷತ್ರಪ ಎಂದೇ ಬರೆಯಿರಿ, ನಾಲಿಗೆಗೂ ಹಿತ. ಕುಂಕುಮದ ಕುದುರೆಗಳಿಗೆ ನನ್ನ ನಮಸ್ಕಾರ.

ಮುಕ್ಕಾಲು ಇಂಚು
ದಂಡನಾಯಕರೇ, ನಿಮ್ಮ ನದಿಯ ಅಗಲ ಎಷ್ಟು?

ಮೇಜಿನ ದಂಡನಾಯಕ
ಹನ್ನೆರಡು ಸೆಂಟಿಮೀಟರ್. ಅಮ್ಮನ ಹಳೆಯ ನೀಲಿ ಸೀರೆಯ ಸೆರಗು. ಜರಿ ಅಂಚು ದಡದ ಮರಳಿನಂತೆ ಚೆನ್ನಾಗಿ ಕಾಣುತ್ತದೆ.

ಮುಕ್ಕಾಲು ಇಂಚು
ಅಯ್ಯೋ! ಹನ್ನೆರಡು ಸೆ.ಮೀ. ಅಂದರೆ 336 ಮೀಟರ್. ನೀವು ಗ್ರಾನಿಕಸ್ ಅಲ್ಲ, ಮಳೆಗಾಲದ ಕೃಷ್ಣೆ ದಾಟಿಸುತ್ತಿದ್ದೀರಿ! ಟರ್ಕಿಯ ವಾಯವ್ಯ ಮೂಲೆಯಲ್ಲಿ ಮರ್ಮರ ಸಮುದ್ರಕ್ಕೆ ಸೇರುವ ಈಗಿನ ಬಿಗಾ ಹೊಳೆಯೇ ಗ್ರಾನಿಕಸ್. ಮೂವತ್ತು ಮೀಟರ್ ಎಂದು ಹಿಡಿದರೂ ಮೇಜಿನ ಮೇಲೆ ಹನ್ನೊಂದು ಮಿ.ಮೀ. ಆಗುತ್ತದೆ. ಸೀರೆ ಬೇಡ, ರವಿಕೆಯ ಅಂಚು ಸಾಕು.

ಅರೆಬಣ್ಣ
ಬೇಸೇ 40 ಮಿ.ಮೀ., ನದಿ 11 ಮಿ.ಮೀ. ಕುದುರೆ ದಾಟಿತೋ ಇಲ್ಲವೋ ಎಂದು ಭೂತಗನ್ನಡಿ ಹಿಡಿದು ನೋಡಬೇಕೇ? ಆಟಕ್ಕೆ ಕಣ್ಣೂ ಬೇಕು, ಲೆಕ್ಕವೊಂದೇ ಸಾಲದು.

ತುಂಗೆಯ ದಡ
ಅಗಲದ ಜಗಳ ಬಿಡಿ. ಹೊಳೆ ದಾಟುವಾಗ ಕಷ್ಟ ಕೊಡುವುದು ನೀರಲ್ಲ, ಆಚೆ ದಡ. ನಾನು ಹುಡುಗನಾಗಿದ್ದಾಗ ಬೇಸಿಗೆಯಲ್ಲಿ ಎಮ್ಮೆಗಳನ್ನು ತುಂಗೆಯ ಆಚೆ ದಡಕ್ಕೆ ಹೊಡೆದುಕೊಂಡು ಹೋಗುತ್ತಿದ್ದೆವು. ಮೊದಲ ಎಮ್ಮೆ ಒಣ ಮಣ್ಣಿನ ಮೇಲೆ ಸಲೀಸಾಗಿ ಹತ್ತುತ್ತದೆ. ಅದರ ಮೈಯಿಂದ ಸುರಿದ ನೀರು ದಡ ನೆನೆಸುತ್ತದೆ. ಐದನೆಯದು ಬರುವ ಹೊತ್ತಿಗೆ ಅಲ್ಲಿ ಗೊರಸಿನ ಗುಂಡಿ, ಗುಂಡಿಯಲ್ಲಿ ನೀರು. ಹತ್ತನೆಯದು ಮೊಣಕಾಲೂರಿ ಜಾರುತ್ತದೆ, ಹಿಂದಿನದು ಅದರ ಮೇಲೆ ಬೀಳುತ್ತದೆ. ಆಗ ಜಾಣ ಎಮ್ಮೆ ಏನು ಮಾಡುತ್ತದೆ ಗೊತ್ತೇ? ತಾನಾಗಿ ಹತ್ತು ಮಾರು ಕೆಳಗೆ ಸರಿದು ಹೊಸ ಜಾಗದಲ್ಲಿ ಹತ್ತುತ್ತದೆ.

ನಿಮ್ಮ ಆಟದಲ್ಲಿ ದಡ ಮೊದಲಿನಿಂದ ಕೊನೆಯವರೆಗೂ ಒಂದೇ ಥರ ಇರುತ್ತದಲ್ಲ, ಅದೇ ಸುಳ್ಳು.

ಇತಿಹಾಸ ಮೇಷ್ಟ್ರು
ಎಂಥ ಮಾತು ಹೇಳಿದಿರಿ! ಆಚೆ ದಡ ಒದ್ದೆಯಾಗಿ ಕೆಸರಿನಿಂದ ಜಾರುತ್ತಿತ್ತು, ಹತ್ತುವುದೇ ಕಷ್ಟವಾಯಿತು ಎಂದು ಪ್ಲೂಟಾರ್ಕ್ ಬರೆದಿದ್ದಾನೆ. ಅಲೆಕ್ಸಾಂಡರ್ ತಾನೇ ಮೊದಲು ನುಗ್ಗಲಿಲ್ಲ ಎಂಬುದನ್ನೂ ಗಮನಿಸಿ. ಆರಿಯನ್ ಪ್ರಕಾರ ಅಮಿಂಟಾಸನ ಮುಂದಾಳುತನದಲ್ಲಿ ಬೇಹಿನ ರಾವುತರು, ಪಿಯೋನಿಯಾದವರು, ಸಂಗಾತಿ ದಳದ (ರಾಜನ ಆಪ್ತ ರಾವುತರ) ಒಂದು ತುಕಡಿ ಮೊದಲು ಇಳಿದವು. ಅವರು ಮೇಲಿನಿಂದ ಬಿದ್ದ ಈಟಿಗಳಿಗೆ ಸಿಕ್ಕಿ ನುಗ್ಗಾದರು. ಅಲೆಕ್ಸಾಂಡರ್ ಹೊಳೆಯ ಸೆಳೆತದ ಕಡೆಗೆ ಓರೆಯಾಗಿ ಸಾಲನ್ನು ಎಳೆಯುತ್ತ ಬಂದ. ನಿಮ್ಮ ಜಾಣ ಎಮ್ಮೆ!

ಹಳೆಯ ದಾಳ
ಜಗದೇಕವೀರನಿಗೆ ಇಷ್ಟು ಒಳ್ಳೆಯ ಹೋಲಿಕೆ ಇನ್ನೊಂದಿಲ್ಲ. ನಿಯಮ ಹೀಗಿರಲಿ: ಒಂದು ಬೇಸ್ ದಾಟಿದ ಜಾಗದಲ್ಲಿ ಒಂದು ಕಡಲೆಕಾಳು ಇಡಿ. ಅದೇ ಜಾಗದಲ್ಲಿ ಹತ್ತುವ ಮುಂದಿನ ಬೇಸ್‌ನ ದಾಳದಿಂದ ಕಾಳಿಗೊಂದು ಅಂಕ ಕಳೆಯಿರಿ.

ಮೇಜಿನ ದಂಡನಾಯಕ
ಕಡಲೆಕಾಳು ಇಟ್ಟರೆ ಆಟ ಮುಗಿಯುವವರೆಗೆ ಉಳಿಯುವುದಿಲ್ಲ, ನಮ್ಮ ಪರ್ಷಿಯನ್ನರು ತಿಂದುಬಿಡುತ್ತಾರೆ. ಹುಣಸೆ ಬೀಜ ಇಡುತ್ತೇನೆ.

ಮೆಮ್ನನ್ ಅಭಿಮಾನಿ
ಮೇಷ್ಟ್ರು ಆರಿಯನ್‌ನನ್ನೇ ನೆಚ್ಚಿಕೊಂಡಿದ್ದಾರೆ. ಡಯೊಡೊರಸನ ಕತೆಯೇ ಬೇರೆ. ಅಲೆಕ್ಸಾಂಡರ್ ರಾತ್ರಿ ತಂಗಿದ್ದು, ಬೆಳಗಾಗುತ್ತಲೇ ಯಾರ ತಡೆಯೂ ಇಲ್ಲದೆ ನದಿ ದಾಟಿದ. ಕಾಳಗ ನಡೆದದ್ದು ಆಚೆಯ ಬಯಲಿನಲ್ಲಿ. ಹಾಗಿದ್ದರೆ ಪರ್ಷಿಯನ್ ಕುದುರೆ ಮುಂದೆ ನಿಂತದ್ದರಲ್ಲಿ ವಿಚಿತ್ರವೇನೂ ಇಲ್ಲ. ಬಯಲಿನಲ್ಲಿ ಕುದುರೆ ಮುಂದೆ ಇರಲೇಬೇಕು. ದಂಡನಾಯಕರ ಪ್ರಶ್ನೆಯೇ ಬಿದ್ದುಹೋಯಿತು.

ಇತಿಹಾಸ ಮೇಷ್ಟ್ರು
ಒಂದು ತಮಾಷೆ ನೋಡಿ. ಆರಿಯನ್‌ನಲ್ಲಿ ಅಲೆಕ್ಸಾಂಡರನ ಮುದುಕ ಸೇನಾನಿ ಪಾರ್ಮೆನಿಯನ್ ಕೊಡುವ ಸಲಹೆ ಏನು? "ಹೊತ್ತಾಗಿದೆ, ಇಲ್ಲೇ ತಂಗೋಣ, ಬೆಳಗಿನ ಜಾವ ದಾಟೋಣ." ಅಲೆಕ್ಸಾಂಡರ್ ಅದನ್ನು ತಳ್ಳಿಹಾಕುತ್ತಾನೆ. ಒಬ್ಬ ಬರಹಗಾರನಲ್ಲಿ ತಿರಸ್ಕಾರವಾದ ಸಲಹೆ ಇನ್ನೊಬ್ಬನಲ್ಲಿ ನಡೆದ ಘಟನೆ. ಡಯೊಡೊರಸ್ ಕಾಳಗವಾಗಿ ಸುಮಾರು ಮುನ್ನೂರು ವರ್ಷ, ಆರಿಯನ್ ಸುಮಾರು ನಾನೂರೈವತ್ತು ವರ್ಷ ಕಳೆದ ಮೇಲೆ ಬರೆದವರು. ಆದರೆ ಆರಿಯನ್ ಆಧಾರವಾಗಿಟ್ಟುಕೊಂಡದ್ದು ಅಲೆಕ್ಸಾಂಡರನ ಜೊತೆಗಿದ್ದ ಟಾಲೆಮಿ ಮತ್ತು ಅರಿಸ್ಟೊಬ್ಯುಲಸರ ಬರಹಗಳನ್ನು. ಅದಕ್ಕೇ ನನ್ನ ಮತ ಅವನಿಗೆ.

ಮೆಮ್ನನ್ ಅಭಿಮಾನಿ
ಜೊತೆಗಿದ್ದವರು ರಾಜನ ಬಗ್ಗೆ ನಿಜ ಬರೆಯುತ್ತಾರೆ ಎಂದು ನಂಬುವವರು ಚುನಾವಣೆಯ ಭಾಷಣವನ್ನೂ ನಂಬಿಯಾರು. ಮ್ಯಾಸಿಡೋನಿಯನ್ನರ ಕಡೆ ಸತ್ತವರೆಷ್ಟು? ಆರಿಯನ್ ಲೆಕ್ಕದಲ್ಲಿ ಸಂಗಾತಿ ದಳದ 25, ಉಳಿದ ರಾವುತರು 60ಕ್ಕಿಷ್ಟು ಮೇಲೆ, ಕಾಲಾಳು ಸುಮಾರು 30. ಅರಿಸ್ಟೊಬ್ಯುಲಸನ ಪ್ರಕಾರ ಒಟ್ಟು 34 ಎಂದು ಪ್ಲೂಟಾರ್ಕ್! ಕಡಿದಾದ ದಡಕ್ಕೆ ಎದುರು ನುಗ್ಗಿ, ಕುದುರೆಗೆ ಕುದುರೆ ತೊಡರಿ ಹೊಡೆದಾಡಿದವರಿಗೆ ಆದ ನಷ್ಟ ಇಷ್ಟೇ ಅಂತೆ.

ಹಳೆಯ ದಾಳ
ಆ 25 ಮಂದಿಗೆ ಶಿಲ್ಪಿ ಲಿಸಿಪಸ್‌ನಿಂದ ಕಂಚಿನ ಪ್ರತಿಮೆ ಮಾಡಿಸಿ ಮ್ಯಾಸಿಡೋನಿಯಾದ ಡಿಯಾನ್‌ನಲ್ಲಿ ನಿಲ್ಲಿಸಿದರು. ಹಾಗಾಗಿ ಆ 25 ಸುಳ್ಳಲ್ಲ, ಎಣಿಸಿ ಹಣ ಕೊಟ್ಟಿರುತ್ತಾರೆ. ಉಳಿದ ಸಂಖ್ಯೆಗಳಿಗೆ ಯಾರೂ ಹಣ ಕೊಟ್ಟಿಲ್ಲ.

ಚಳಿಯೂರು
ಕೆನಡಾದಿಂದ ಬರೆಯುತ್ತಿದ್ದೇನೆ, ಇಲ್ಲಿಯ ಕ್ಲಬ್‌ನಲ್ಲಿ ಇದೇ ಕಾಳಗವನ್ನು ಎರಡು ಥರ ಆಡಿದ್ದೇವೆ.

ಮೊದಲ ಸಲ ವೇಷ ಮರೆಸಿ. ನದಿಗೆ ಬೇರೆ ಹೆಸರು, ಎರಡೂ ಪಾಳಯಕ್ಕೆ ಬೇರೆ ಕಾಲದ ಗೊಂಬೆಗಳು. ಇದು ಗ್ರಾನಿಕಸ್ ಎಂದು ಆಟಗಾರರಿಗೆ ಹೇಳಲಿಲ್ಲ. ಮೂರನೆಯ ಸರದಿಯಲ್ಲಿ ಒಬ್ಬ "ಇದು ಗ್ರಾನಿಕಸ್ ತಾನೇ?" ಎಂದು ನಕ್ಕ. ಆ ಉಪಾಯ ಅಲ್ಲಿಗೆ ಮುಗಿಯಿತು.

ಎರಡನೆಯ ಸಲದ್ದು ಫಲಿಸಿತು. ಪರ್ಷಿಯನ್ ಪಾಳಯವನ್ನು ಒಬ್ಬನ ಕೈಗೆ ಕೊಡಲಿಲ್ಲ, ಐವರಿಗೆ ಹಂಚಿದೆವು. ಅರ್ಸಿಟಿಸ್, ಸ್ಪಿತ್ರಿಡೇಟಿಸ್, ಮಿತ್ರಿಡೇಟಿಸ್, ಮೆಮ್ನನ್, ಬಾಡಿಗೆ ಸೈನಿಕರ ಮುಖಂಡ ಒಮಾರಿಸ್. ದಾರಿಯುಷ ಅಲ್ಲಿರಲಿಲ್ಲ, ಆದ್ದರಿಂದ ಮೇಲಾಳು ಯಾರೂ ಇಲ್ಲ. ಒಬ್ಬೊಬ್ಬರಿಗೂ ಒಂದು ಗುಟ್ಟಿನ ಚೀಟಿ. ಅರ್ಸಿಟಿಸನದು: "ಇದು ನಿನ್ನ ಸೀಮೆ. ಅಲೆಕ್ಸಾಂಡರನ ಒಂದು ಬೇಸ್ ಮೇಜಿನ ಹಿಂಬದಿ ಮುಟ್ಟಿದರೂ ನೀನು ಸೋತೆ." ನನ್ನ ಪ್ರಜೆಗಳ ಒಂದು ಮನೆಯನ್ನೂ ಸುಡಲು ಬಿಡುವುದಿಲ್ಲ ಎಂದು ಸಭೆಯಲ್ಲಿ ಹೇಳಿದವನು ಅವನೇ. ಸ್ಪಿತ್ರಿಡೇಟಿಸ್, ಮಿತ್ರಿಡೇಟಿಸರದು: "ಅಲೆಕ್ಸಾಂಡರನನ್ನು ನಿನ್ನ ಸ್ವಂತ ಬೇಸ್ ಹೊಡೆದರೆ ಮಾತ್ರ ನಿನಗೆ ಅಂಕ." ಮೆಮ್ನನ್‌ನದು: "ನೀನು ಬದುಕಿ ಉಳಿಯಬೇಕು." ಎಲ್ಲರ ಚೀಟಿಯ ಕೆಳಗೂ ಒಂದು ಸಾಲು: "ಮೆಮ್ನನ್ ಯುದ್ಧವನ್ನು ಎಳೆದು ರಾಜನಿಂದ ಬಿರುದು ಪಡೆಯುವ ಸಂಚು ಮಾಡುತ್ತಿದ್ದಾನೆಂದು ಗುಮಾನಿಯಿದೆ." ಅದೂ ಆರಿಯನ್‌ನಲ್ಲೇ ಇರುವ ಮಾತು. ಒಮಾರಿಸ್ ಮುಂದೆ ಬರಬೇಕಾದರೆ ಇಬ್ಬರು ಪರ್ಷಿಯನ್ ಮುಖಂಡರು ಒಟ್ಟಿಗೆ ಕರೆಯಬೇಕು.

ಯಾರೂ ಕರೆಯಲಿಲ್ಲ. ಕರೆದರೆ ಗೆಲುವು ಬಾಡಿಗೆಯವನದಾಗುತ್ತದಲ್ಲ!

ಮೇಜಿನ ದಂಡನಾಯಕ
ಇದೇ ಬೇಕಾಗಿತ್ತು ನನಗೆ! ತಪ್ಪನ್ನು ಒಬ್ಬನಿಂದ ಮಾಡಿಸುವುದು ಕಷ್ಟ, ಐದು ಜನರ ಸಮಿತಿಯಿಂದ ಸಲೀಸು.

ಹಳೆಯ ದಾಳ
ನಮ್ಮ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕ್ ಸಮಿತಿ ಥೇಟ್ ಹೀಗೇ.

ಅರೆಬಣ್ಣ
ಆಯುಧದ ಬಗ್ಗೆ ಯಾರೂ ಮಾತಾಡಲಿಲ್ಲ. ನನ್ನ ಪರ್ಷಿಯನ್ನರ ಕೈಯಲ್ಲಿ ಗಿಡ್ಡ ಈಟಿ, ಮ್ಯಾಸಿಡೋನಿಯನ್ನರ ಕೈಯಲ್ಲಿ ಉದ್ದ ಭರ್ಜಿ ಇದೆ. ಆಟದಲ್ಲಿ ಇಬ್ಬರಿಗೂ ಒಂದೇ ಅಂಕ ಏಕೆ?

ಹಳೆಯ ದಾಳ
ಅನೇಕ ನಿಯಮಗಳು ಹಾಗೇ. ಡಿಬಿಎ ಎಂಬ ಸಿದ್ಧ ನಿಯಮಾವಳಿ ನೋಡಿ, ಪಾಳಯಕ್ಕೆ ಹನ್ನೆರಡೇ ಬೇಸ್, ಸಂಜೆಗೆ ಎರಡು ಕಾಳಗ ಮುಗಿಯುತ್ತದೆ. ಅದರಲ್ಲಿ ಹಗುರ ರಾವುತರು ದೂರದಿಂದ ಈಟಿ ಬಾಣ ಎಸೆಯುವುದೇ ಇಲ್ಲ, ಎಲ್ಲವನ್ನೂ ಕೈಕೈ ಹೋರಾಟದ ದಾಳದೊಳಗೆ ಸೇರಿಸಿದ್ದಾರೆ. ಆಡಲು ಚೆನ್ನ, ಗ್ರಾನಿಕಸ್‌ಗೆ ಸಾಲದು. ಇಲ್ಲಿ ಕಾಳಗದ ತಿರುಳೇ ಎರಡು ಥರದ ಕೋಲುಗಳ ಜಗಳ. ಕುದುರೆ ಸವಾರನಿಗೆ ಒಂದು ಉದ್ದ ಭರ್ಜಿಗಿಂತ ಎರಡು ಪರ್ಷಿಯನ್ ಎಸೆಯುವ ಈಟಿಗಳೇ ಮೇಲೆಂದು ಗ್ರೀಕನಾದ ಕ್ಸೆನೊಫೊನ್ ಹೇಳಿದ್ದ. ಒಂದನ್ನು ಎಸೆ, ಇನ್ನೊಂದರಿಂದ ತಿವಿ. ದೂರದಲ್ಲಿ ಅದು ಸರಿ. ಮೈಗೆ ಮೈ ತಾಗಿದ ಮೇಲೆ ಕಾರ್ನೆಲ್ ಮರದ ಉದ್ದ ಭರ್ಜಿಯೇ ಮೇಲಾಯಿತು.

ಆದ್ದರಿಂದ ನನ್ನ ನಿಯಮ: ಮ್ಯಾಸಿಡೋನಿಯನ್ನರು ನೀರಿನಲ್ಲಿರುವಾಗ ಪರ್ಷಿಯನ್ನರಿಗೆ ಎರಡು ಅಂಕ ಹೆಚ್ಚು, ದಡ ಹತ್ತಿ ಎರಡನೆಯ ಸರದಿಯೂ ಅಂಟಿಕೊಂಡರೆ ಮ್ಯಾಸಿಡೋನಿಯನ್ನರಿಗೆ ಒಂದು ಹೆಚ್ಚು.

ಇತಿಹಾಸ ಮೇಷ್ಟ್ರು
ಒಪ್ಪಿದೆ. ಮೂರು ವರ್ಷದ ನಂತರ ಗೌಗಮೆಲಾ ಕಾಳಗಕ್ಕೆ ಮುನ್ನ ದಾರಿಯುಷ ಹಿಂದಿಗಿಂತ ಉದ್ದದ ಕತ್ತಿ, ಈಟಿಗಳನ್ನು ಮಾಡಿಸಿದ ಎಂದು ಡಯೊಡೊರಸ್ ಬರೆದಿದ್ದಾನೆ. ಪಾಠ ತಲುಪಿತ್ತು, ತಡವಾಗಿ.

ಆದರೆ ಭರ್ಜಿ ಮುರಿಯುತ್ತದೆ ಎಂಬುದನ್ನು ಮರೆಯಬೇಡಿ. ಅಲೆಕ್ಸಾಂಡರನದು ಮುರಿಯಿತು. ಕುದುರೆಯಾಳು ಅರೇಟಿಸನನ್ನು ಕೇಳಿದ, ಅವನದೂ ಮುರಿದಿತ್ತು, ಉಳಿದ ಅರ್ಧದಿಂದಲೇ ಹೊಡೆದಾಡುತ್ತಿದ್ದ. ತುಂಡನ್ನು ಎತ್ತಿ ತೋರಿಸಿ "ಬೇರೆಯವರನ್ನು ಕೇಳು" ಎಂದ. ಕೊರಿಂಥದ ಡೆಮರೇಟಸ್ ತನ್ನದನ್ನು ಕೊಟ್ಟ. ಆ ಭರ್ಜಿಯಿಂದಲೇ ಮಿತ್ರಿಡೇಟಿಸನ ಮುಖಕ್ಕೆ ತಿವಿದದ್ದು. ಅಷ್ಟರಲ್ಲಿ ರೊಯಿಸಾಸಿಸ್ ಎಂಬ ಪರ್ಷಿಯನ್ ಅಲೆಕ್ಸಾಂಡರನ ಹೆಲ್ಮೆಟ್ಟಿನ ಒಂದು ಚೂರು ಹಾರಿಸಿದ. ಅವನನ್ನು ಕೆಡವುವಾಗ ಹಿಂದಿನಿಂದ ಸ್ಪಿತ್ರಿಡೇಟಿಸ್ ಕತ್ತಿ ಎತ್ತಿದ್ದ, ಅಲೆಕ್ಸಾಂಡರನ ಕಡೆಯ ಕರಿಯ ಕ್ಲೀಟಸ್ ಆ ತೋಳನ್ನೇ ಭುಜದಿಂದ ಕತ್ತರಿಸಿದ.

ಚಳಿಯೂರು
ನಮ್ಮಲ್ಲಿ ಅದಕ್ಕೆ "ಕ್ಲೀಟಸ್ ದಾಳ" ಇದೆ. ಅಲೆಕ್ಸಾಂಡರ್ ಸಾಯುವ ಪೆಟ್ಟು ತಿಂದರೆ ಒಂದು ದಾಳ ಉರುಳಿಸಿ, 1 ಅಥವಾ 2 ಬಿದ್ದರೆ ಸತ್ತ. ಇಡೀ ಆಟದಲ್ಲಿ ಒಂದೇ ಸಲ.

ಸುಮ್ಮನೆ ಓದುವವಳು
ಪ್ರಾಣ ಉಳಿಸಿದ ಆ ಕ್ಲೀಟಸನನ್ನೇ ಅಲ್ಲವೇ ಆರು ವರ್ಷದ ನಂತರ ಸಮರಕಂದದಲ್ಲಿ ಕುಡಿದ ಅಮಲಿನಲ್ಲಿ ಅಲೆಕ್ಸಾಂಡರ್ ಈಟಿಯಿಂದ ತಿವಿದು ಕೊಂದದ್ದು? ಅದಕ್ಕೂ ಒಂದು ದಾಳ ಇಡಿ.

ತುಂಗೆಯ ದಡ
ಕುದುರೆ ಎಂದರೆ ನೆನಪಾಯಿತು, ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯನ್ನು ಒಂದು ಮನೆಯನ್ನೂ ಎರಡು ಸಲ ಮುಟ್ಟದಂತೆ ಅರವತ್ನಾಲ್ಕು ಮನೆ ಸುತ್ತಿಸುತ್ತಿದ್ದರಲ್ಲ, ಆ ತುರಗಗತಿ ಯಾರಿಗಾದರೂ ಬರುತ್ತದೆಯೇ? ನಾನು ಐವತ್ತೇಳಕ್ಕೆ ಸಿಕ್ಕಿಹಾಕಿಕೊಂಡಿದ್ದೇನೆ.

ಮುಕ್ಕಾಲು ಇಂಚು
ಯಾವಾಗಲೂ ಮುಂದೆ ದಾರಿ ಕಡಿಮೆಯಿರುವ ಮನೆಗೇ ಮೊದಲು ಹೋಗಿ, ಮೂಲೆಗಳನ್ನು ಬೇಗ ಮುಗಿಸಿ. ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಬೇಡ.

ಮೇಜಿನ ದಂಡನಾಯಕ
ಭಾನುವಾರ ಆಡಿದೆವು! ವರದಿ ಒಪ್ಪಿಸುತ್ತಿದ್ದೇನೆ.

ಐದು ಚೀಟಿ, ಹುಣಸೆ ಬೀಜ, ಹಳೆಯ ದಾಳದವರ ಆಯುಧ ನಿಯಮ, ಕ್ಲೀಟಸ್ ದಾಳ, ಎಲ್ಲವೂ ಇದ್ದವು. ಅಕ್ಕನ ಮಕ್ಕಳಿಬ್ಬರು ಸ್ಪಿತ್ರಿಡೇಟಿಸ್ ಮತ್ತು ಮಿತ್ರಿಡೇಟಿಸ್, ಭಾವ ಅರ್ಸಿಟಿಸ್, ಪಕ್ಕದ ಮನೆಯ ಅಂಕಲ್ ಮೆಮ್ನನ್. ಸದಾ ಈಟಿ ಗೋಡೆ ಕಟ್ಟುವ ನನ್ನ ಗೆಳೆಯನಿಗೆ ಚೀಟಿ ಎತ್ತಿದಾಗ ಬಂದದ್ದು ಒಮಾರಿಸ್.

ಮೊದಲ ಎರಡು ಸರದಿ ನನ್ನ ಮುಂಚೂಣಿ ಪೂರ್ತಿ ಹಾಳಾಯಿತು, ದಡದ ಮೇಲೆ ಹುಣಸೆ ಬೀಜಗಳ ರಾಶಿ. ಮೂರನೆಯ ಸರದಿಗೆ ಅಲೆಕ್ಸಾಂಡರನನ್ನು ನಾಲ್ಕು ಬೇಸ್ ಕೆಳಗೆ, ಒಣ ದಡಕ್ಕೆ ಇಳಿಸಿದೆ. ಅವನ ಬಿಳಿ ಗರಿ ಕಾಣುತ್ತಲೇ ಹುಡುಗರಿಬ್ಬರೂ ಮೊಣಕೈಯಲ್ಲಿ ನೂಕಾಡುತ್ತ ತಮ್ಮ ತಮ್ಮ ಬೇಸ್‌ಗಳನ್ನು ನಡುವಿನಿಂದ ಕಿತ್ತು ಅವನ ಕಡೆಗೆ ತಂದರು. "ನನ್ನದು ಮೊದಲು ಮುಟ್ಟಿತು", "ಇಲ್ಲ, ನನ್ನದು". ಭಾವ "ನಡು ಖಾಲಿಯಾಯಿತು, ನಡು ಖಾಲಿಯಾಯಿತು" ಎಂದು ಕೂಗುತ್ತಿದ್ದರು, ಯಾರೂ ಕೇಳಲಿಲ್ಲ. ಅಲೆಕ್ಸಾಂಡರನಿಗೆ ಸಾಯುವ ಪೆಟ್ಟು ಬಿತ್ತು. ಕ್ಲೀಟಸ್ ದಾಳ ಉರುಳಿತು, ಮೇಜಿನ ಅಂಚಿನಲ್ಲಿ ತಿರುಗಿ ತಿರುಗಿ ನಿಂತಿತು. ಮೂರು. ಬದುಕಿದ. ಮುಂದಿನ ಸರದಿಗೆ ನನ್ನ ಫ್ಯಾಲಂಕ್ಸ್, ಅಂದರೆ ಉದ್ದ ಈಟಿಯ ಕಾಲಾಳುಗಳ ದಟ್ಟ ಸಾಲು, ಖಾಲಿ ನಡುವಿನಲ್ಲಿ ನಡೆದು ದಡ ಹತ್ತಿತು. ಅಂಕಲ್ ಮಾತಿಲ್ಲದೆ ಮೆಮ್ನನ್‌ನನ್ನು ಮೇಜಿನ ಹೊರಗೆ ಕರೆದುಕೊಂಡು ಹೋದರು, ಜೊತೆಗೆ ಚಕ್ಕುಲಿಯ ತಟ್ಟೆಯನ್ನೂ.

ಇಷ್ಟು ಹೊತ್ತೂ ನನ್ನ ಗೆಳೆಯ ಹಿಂದಿನ ಏರಿನ ಮೇಲೆ ತನ್ನ ಇಪ್ಪತ್ತು ಬೇಸ್ ಇಟ್ಟುಕೊಂಡು ಕುಳಿತಿದ್ದ. ಎರಡು ಲೋಟ ಕಾಫಿ ಮುಗಿಸಿದ್ದ. ಕೊನೆಗೆ ಮೂರು ಕಡೆಯಿಂದ ಅವನನ್ನು ಸುತ್ತಿಕೊಂಡೆ. ತನ್ನ ಬಾಡಿಗೆ ಸೈನಿಕರನ್ನು ನೋಡುತ್ತ, "ದಡಕ್ಕೆ ಬರಲೇ ಎಂದು ನಾನು ಎರಡು ಸಲ ಕೇಳಿದೆ, ಕೇಳಿಸಿತ್ತು ತಾನೇ?" ಎಂದ. ಹುಡುಗರು ಇನ್ನೂ ಯಾರ ಬೇಸ್ ಮೊದಲು ಮುಟ್ಟಿತು ಎಂದು ಜಗಳವಾಡುತ್ತಿದ್ದರು.

ಇತಿಹಾಸ ಮೇಷ್ಟ್ರು
ನಿಜವಾದ ಒಮಾರಿಸನ ಜನರಲ್ಲಿ 2,000 ಮಂದಿ ಸೆರೆಸಿಕ್ಕಿ ಸಂಕೋಲೆಯಲ್ಲಿ ಮ್ಯಾಸಿಡೋನಿಯಾಕ್ಕೆ ದುಡಿಯಲು ಹೋದರು. ನಿಮ್ಮ ಗೆಳೆಯನಿಗೆ ಮೂರನೆಯ ಲೋಟ ಕಾಫಿಯಾದರೂ ಕೊಟ್ಟಿರಾ?

ಮೆಮ್ನನ್ ಅಭಿಮಾನಿ
ಪಕ್ಕದ ಮನೆಯ ಅಂಕಲ್ ನನ್ನ ಗುರು.

ಮುಕ್ಕಾಲು ಇಂಚು
ವರದಿಯಲ್ಲಿ ನದಿಯ ಅಗಲ ಬರೆದಿಲ್ಲ.

ಮೇಜಿನ ದಂಡನಾಯಕ
ಮೂರು ಸೆಂಟಿಮೀಟರ್. ಸೆರಗನ್ನು ಮಡಚಿದೆ, ಕತ್ತರಿಸಲು ಅಮ್ಮ ಬಿಡಲಿಲ್ಲ.

ಮುಕ್ಕಾಲು ಇಂಚು
ಇನ್ನೆರಡು ಮಡಿಕೆ ಹಾಕಿ.